ಹಳೆಯ ಕಾರು ಕೊಳ್ಳುವ ಮುನ್ನ: ಕಾಗದಗಳನ್ನು ಓದುವ ಬಗೆ



ನಾನು ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ವಿಷಯವನ್ನು ಪಾಠ ಮಾಡುವವನು. ಇಪ್ಪತ್ತೆಂಟು ವರ್ಷ ಆಯಿತು. ನೆರೆಹೊರೆಯವರು, ನೆಂಟರು, ಹಳೆಯ ಶಿಷ್ಯರು, ಯಾರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಹೊರಟರೂ ಒಮ್ಮೆ ನನ್ನನ್ನು ಕರೆದೊಯ್ಯುತ್ತಾರೆ. "ಮೇಷ್ಟ್ರೇ, ಎಂಜಿನ್ ಶಬ್ದ ಒಂದು ಸಲ ಕೇಳಿ" ಎನ್ನುತ್ತಾರೆ. ಹೋಗಿ ಕೇಳುತ್ತೇನೆ. ಆದರೆ ಈಚೆಗೆ ನಾನು ಎಂಜಿನ್ ಶಬ್ದ ಕೇಳುವುದಕ್ಕೂ ಮೊದಲು, "ಎಲ್ಲಿ, ಕಾಗದ ಕೊಡಿ" ಎಂದು ಕೇಳುತ್ತೇನೆ. ಈ ಬುದ್ಧಿ ನನಗೆ ಬಂದದ್ದು ಸ್ವಲ್ಪ ತಡವಾಗಿ. ಅದನ್ನೇ ಮೊದಲು ಹೇಳಿಬಿಡುವುದು ಒಳ್ಳೆಯದು.

2009ರಲ್ಲಿ ನಾನು ತುಮಕೂರಿನ ಕಡೆ ಕೆಲಸದಲ್ಲಿದ್ದೆ. ನನ್ನ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಜೀವಮಾನವೆಲ್ಲ ಸೈಕಲ್ ತುಳಿದವರಿಗೆ ಮನೆಯ ಮುಂದೆ ಒಂದು ಕಾರು ನಿಲ್ಲಬೇಕೆಂಬ ಆಸೆ. ನಿವೃತ್ತಿಯ ಹಣದಲ್ಲಿ ನಲವತ್ತೆಂಟು ಸಾವಿರ ಎಣಿಸಿ ನನ್ನ ಕೈಗೆ ಕೊಟ್ಟು, "ನೀನು ಇದನ್ನೇ ಪಾಠ ಮಾಡುವವನು, ನೋಡಿ ತಗೊಂಡು ಬಾ" ಎಂದರು. ನಾನು ನೋಡಿದೆ. 1996ರ ಮಾರುತಿ 800. ಹೊಗೆ ಇರಲಿಲ್ಲ, ಕ್ಲಚ್ ಚೆನ್ನಾಗಿತ್ತು, ಗೇರ್ ಸಲೀಸಾಗಿ ಬೀಳುತ್ತಿತ್ತು. ಆರ್‌ಸಿ ಪುಸ್ತಕದಲ್ಲಿ ಒಂದು ಫೈನಾನ್ಸ್ ಕಂಪನಿಯ ಹೆಸರಿನ ಮೊಹರು ಇತ್ತು. ಕೇಳಿದ್ದಕ್ಕೆ ಬ್ರೋಕರ್, "ಲೋನು ಯಾವತ್ತೋ ತೀರಿದೆ ಸಾರ್, ಆ ಕಾಗದ ಆಮೇಲೆ ತಂದುಕೊಡ್ತೀನಿ, ನೀವು ಗಾಡಿ ತಗೊಂಡೋಗಿ" ಎಂದ. ಗಾಡಿ ತೆಗೆದುಕೊಂಡು ಹೋದೆ.

2011ರಲ್ಲಿ ಆ ಕಾರಿಗೆ ಹದಿನೈದು ವರ್ಷ ತುಂಬಿತು. ನೋಂದಣಿ ನವೀಕರಿಸಬೇಕು. ಆರ್‌ಟಿಓ ಕಚೇರಿಯ ಕಿಟಕಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ, "ಇದರ ಮಾಲೀಕರು ಯಾರು?" ಎಂಬುದು. ಪುಸ್ತಕದಲ್ಲಿದ್ದ ಹೆಸರು ನನ್ನದಲ್ಲ. ವರ್ಗಾವಣೆ ಆಗಬೇಕಾದರೆ ಸಾಲದ ನಮೂದು ರದ್ದಾಗಬೇಕು. ರದ್ದು ಮಾಡಿಕೊಡಬೇಕಾದ ಫೈನಾನ್ಸ್ ಕಂಪನಿ ಬಾಗಿಲು ಮುಚ್ಚಿ ವರ್ಷಗಳಾಗಿದ್ದವು. ಪುಸ್ತಕದಲ್ಲಿ ಹೆಸರಿದ್ದ ಮನುಷ್ಯ ಎರಡು ಮನೆ ಬದಲಿಸಿ ಎಲ್ಲಿಗೋ ಹೋಗಿದ್ದರು. ಬ್ರೋಕರ್ ಮೊದಲು ಫೋನ್ ಎತ್ತಲಿಲ್ಲ, ಆಮೇಲೆ ಆ ನಂಬರೇ ಇರಲಿಲ್ಲ. ಚೆನ್ನಾಗಿ ಓಡುತ್ತಿದ್ದ ಎಂಜಿನ್ನಿನ ಆ ಕಾರು ನಮ್ಮ ಮನೆಯ ಪಕ್ಕದ ಹೊಂಗೆ ಮರದ ಕೆಳಗೆ ಮೂರು ವರ್ಷ ನಿಂತಿತು. ತಂದೆ ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಕೊನೆಗೆ ಗುಜರಿಯವನು ತೂಕದ ಲೆಕ್ಕದಲ್ಲಿ ಕೊಂಡುಹೋದ.

ಈಗ ವಿಷಯಕ್ಕೆ ಬರೋಣ. ನಿಮಗೇಕೆ ಇದನ್ನು ಹೇಳುತ್ತಿದ್ದೇನೆ ಎಂದರೆ, ನಿಮ್ಮ ಮನೆಯಲ್ಲಿ ಕಾರು ಕೊಳ್ಳುವ ಮಾತು ಬಂದಾಗ ಹಣ ತಂದೆಯದಾಗಿರಬಹುದು, ಆದರೆ ಆ ಸಣ್ಣ ಅಕ್ಷರದ ಕಾಗದಗಳನ್ನು ಓದಬಲ್ಲವರು, ಮೊಬೈಲಿನಲ್ಲಿ ಹುಡುಕಬಲ್ಲವರು ಅನೇಕ ಮನೆಗಳಲ್ಲಿ ನೀವೇ ಆಗಿರುತ್ತೀರಿ.

ಬ್ರಿಟನ್ ದೇಶದಲ್ಲಿ ಈ ಕೆಲಸ ಬಹಳ ಸುಲಭ. ಅಲ್ಲಿ 1960ರಲ್ಲಿ ಎಂಓಟಿ ಎಂಬ ವಾಹನ ತಪಾಸಣೆ ಆರಂಭವಾಯಿತು. ಆಗ ಹತ್ತು ವರ್ಷ ದಾಟಿದ ಕಾರುಗಳಿಗೆ ಮಾತ್ರ ಇತ್ತು. 1967ರಿಂದ ಮೂರು ವರ್ಷ ತುಂಬಿದ ಕಾರುಗಳಿಗೂ ಬಂತು. ಆಮೇಲೆ ಪ್ರತಿ ವರ್ಷ ಬ್ರೇಕು, ಸ್ಟಿಯರಿಂಗು, ಟೈರು, ದೀಪ, ತುಕ್ಕು ಎಲ್ಲವನ್ನೂ ನೋಡುತ್ತಾರೆ. ಈಗ ಅಲ್ಲಿ ಯಾರು ಬೇಕಾದರೂ ಒಂದು ಕಾರಿನ ನಂಬರ್ ಹಾಕಿ, ಅದು ಯಾವ ವರ್ಷ ಪಾಸಾಯಿತು, ಯಾವ ವರ್ಷ ಯಾವ ಕಾರಣಕ್ಕೆ ಫೇಲಾಯಿತು, ಆ ದಿನ ಮೀಟರ್ ಎಷ್ಟು ಮೈಲಿ ತೋರಿಸುತ್ತಿತ್ತು ಎಂಬುದನ್ನೆಲ್ಲ ಹಣ ಕೊಡದೆ ನೋಡಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದ್ದ ಹಾಗೆ.

ನಮ್ಮ ದೇಶದಲ್ಲಿ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತ ಬಳಕೆಯ ಕಾರಿನ ನೋಂದಣಿ ಒಮ್ಮೆಗೇ ಹದಿನೈದು ವರ್ಷಕ್ಕೆ ಸಿಗುತ್ತದೆ. ಟ್ಯಾಕ್ಸಿ, ಲಾರಿ, ಬಸ್ಸುಗಳಿಗೆ ಆಗಾಗ ಎಫ್‌ಸಿ ಮಾಡಿಸಬೇಕು. ಆದರೆ ಮನೆಯ ಕಾರನ್ನು ಆ ಹದಿನೈದು ವರ್ಷ ಹೊಗೆ ತಪಾಸಣೆ ಬಿಟ್ಟರೆ ಸರಕಾರದ ಯಾರೂ ಮುಟ್ಟಿ ನೋಡುವುದಿಲ್ಲ. ಅಂದ ಮೇಲೆ ನಮ್ಮಲ್ಲಿ ಹಳೆಯ ಕಾರಿನ ತಪಾಸಣೆಯ ಚರಿತ್ರೆ ಒಂದೇ ಕಡೆ ಸಿಗುವುದಿಲ್ಲ. ಐದಾರು ಕಡೆ ಚೂರುಚೂರಾಗಿ ಬಿದ್ದಿರುತ್ತದೆ. ಚೂರುಗಳನ್ನು ಕೂಡಿಸುವುದು ಕೊಳ್ಳುವವರ ಕೆಲಸ.

ಮೊದಲನೆಯದು ಆರ್‌ಸಿ. ಹಿಂದೆ ಪುಸ್ತಕ, ಈಗ ಸ್ಮಾರ್ಟ್ ಕಾರ್ಡು. ಕಾರ್ಯಕ್ರಮದಲ್ಲಿ ನಾವು ಪರದೆಯ ಮೇಲೆ ತೋರಿಸಿದ ನಮೂನೆಯನ್ನು ನೆನಪು ಮಾಡಿಕೊಳ್ಳಿ. ಅದರಲ್ಲಿ ಎರಡು ದಿನಾಂಕಗಳಿದ್ದವು: ಒಂದು ತಯಾರಾದ ತಿಂಗಳು ಮತ್ತು ವರ್ಷ, ಇನ್ನೊಂದು ನೋಂದಣಿಯ ದಿನ. ಮಾರುವವರು ಇವೆರಡರಲ್ಲಿ ಈಚಿನದನ್ನೇ "ಮಾಡೆಲ್" ಎಂದು ಹೇಳುತ್ತಾರೆ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಕಾರಿನ ಮೇಲೆ ಇರುವುದರೊಂದಿಗೆ ಒಂದೊಂದು ಅಕ್ಷರ ಹಿಡಿದು ತಾಳೆ ನೋಡಬೇಕು. ನಂಬರ್ ಕೊರೆದ ಜಾಗದಲ್ಲಿ ಉಜ್ಜಿದ ಗುರುತು, ಹೊಸ ಬಣ್ಣ ಇದ್ದರೆ ಅಲ್ಲಿಗೇ ಮಾತು ಮುಗಿಸಿ ಎದ್ದುಬನ್ನಿ. ಬಣ್ಣವನ್ನೂ ನೋಡಿ. ಕಾಗದದಲ್ಲಿ ಬಿಳಿ, ಕಣ್ಣ ಮುಂದೆ ಕೆಂಪು ಎಂದಾದರೆ ಕಾರಣ ಕೇಳಬೇಕು. ಆಮೇಲೆ ಹೈಪಾಥಿಕೇಶನ್, ಅಂದರೆ ಸಾಲ ಕೊಟ್ಟವರ ಹೆಸರಿನ ನಮೂದು. ಅದು ಇದ್ದರೆ ಸಾಲ ಕೊಟ್ಟ ಸಂಸ್ಥೆಯ ತಕರಾರಿಲ್ಲವೆಂಬ ಪತ್ರ ಮತ್ತು ಅವರ ರುಜು ಇರುವ 35ನೇ ನಮೂನೆ ಕೈಗೆ ಬರುವ ತನಕ ಹಣ ಕೊಡಬಾರದು. "ಆಮೇಲೆ ತಂದುಕೊಡ್ತೀನಿ" ಎಂಬ ಮಾತಿನ ಬೆಲೆ ನನಗೆ ನಲವತ್ತೆಂಟು ಸಾವಿರ ಬಿದ್ದಿದೆ.

ಕಾರ್ಡಿನಲ್ಲಿ ಇರುವುದು ಇಂದಿನ ಸ್ಥಿತಿ. ಹಿಂದಿನದು ಬೇಕಾದರೆ ಆರ್‌ಟಿಓ ಕಚೇರಿಯ ಬಿ ಎಕ್ಸ್‌ಟ್ರಾಕ್ಟ್ ತೆಗೆಸಬೇಕು. ವಾಹನ ನೋಂದಣಿ ರಿಜಿಸ್ಟರಿನ ಪ್ರತಿ ಅದು. ಎಷ್ಟು ಕೈ ಬದಲಾಗಿದೆ, ಯಾವಾಗ ಸಾಲ ಹತ್ತಿತು, ಯಾವಾಗ ಇಳಿಯಿತು ಎಂಬುದು ಅದರಲ್ಲಿ ತಿಳಿಯುತ್ತದೆ. "ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ" ಎಂದು ಮಾರುವವರು ಹೇಳುತ್ತಾರಲ್ಲ, ಆ ಡಾಕ್ಟರ ಹಿಂದೆ ಮುಂದೆ ಇನ್ನು ಯಾರ್ಯಾರಿದ್ದರು ಎಂಬುದನ್ನು ಆ ಹಾಳೆ ಹೇಳುತ್ತದೆ. ಮನೆಯಲ್ಲೇ ಕುಳಿತು ನೋಡಬೇಕಾದರೆ ಕೇಂದ್ರ ಸರಕಾರದ ಪರಿವಾಹನ್ ತಾಣದಲ್ಲಿ, ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ. ನೋಂದಣಿ ಎಲ್ಲಿಯವರೆಗೆ ಇದೆ, ಇನ್ಶೂರೆನ್ಸ್ ಎಲ್ಲಿಯವರೆಗೆ, ಎಮಿಷನ್ ಸರ್ಟಿಫಿಕೇಟ್ ಎಲ್ಲಿಯವರೆಗೆ ಎಂಬುದು ತಿಳಿಯುತ್ತದೆ. ಬಾಕಿ ಇರುವ ದಂಡದ ಚಲನ್‌ಗಳನ್ನೂ ನೋಡಬಹುದು.

ಎಮಿಷನ್ ಸರ್ಟಿಫಿಕೇಟನ್ನು ಜನ ಪೊಲೀಸರಿಗೆ ತೋರಿಸುವ ಚೀಟಿ ಎಂದಷ್ಟೇ ತಿಳಿದಿದ್ದಾರೆ. ಅದರಲ್ಲಿ ಅಂಕಿಗಳಿವೆ. ಪೆಟ್ರೋಲ್ ಕಾರಾದರೆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇಕಡಾ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಎಂದು ಬರೆದಿರುತ್ತದೆ. ಡೀಸೆಲ್ ಆದರೆ ಹೊಗೆಯ ಸಾಂದ್ರತೆ ಇರುತ್ತದೆ. ರಸಾಯನಶಾಸ್ತ್ರ ಓದಿದವರಿಗೆ ಗೊತ್ತು, ಇಂಧನ ಪೂರ್ತಿ ಉರಿದರೆ ಮಾನಾಕ್ಸೈಡ್ ಕಡಿಮೆ ಬರಬೇಕು. ಮಾಲೀಕರ ಬಳಿ ನಾಲ್ಕೈದು ಹಳೆಯ ಸರ್ಟಿಫಿಕೇಟ್ ಇದ್ದರೆ ಸಾಲಾಗಿ ಇಟ್ಟು ನೋಡಿ. ಅಂಕಿ ವರ್ಷ ವರ್ಷ ಏರುತ್ತಿದ್ದರೆ ಎಂಜಿನ್ನಿಗೋ ಸೈಲೆನ್ಸರಿನ ಕನ್ವರ್ಟರಿಗೋ ವಯಸ್ಸಾಗುತ್ತಿದೆ ಎಂದು ಅರ್ಥ. ಸರ್ಟಿಫಿಕೇಟಿನ ಅವಧಿಯೂ ಒಂದು ಸುಳಿವು. ಬಿಎಸ್ 4 ಮತ್ತು ನಂತರದ ವಾಹನಗಳಿಗೆ ಒಂದು ವರ್ಷ, ಅದಕ್ಕಿಂತ ಹಳೆಯ ಮಟ್ಟದವಕ್ಕೆ ಆರು ತಿಂಗಳು. ಬಿಎಸ್ 4 ಬೆಂಗಳೂರೂ ಸೇರಿ 13 ನಗರಗಳಿಗೆ 2010ರಲ್ಲೇ ಬಂತು, ದೇಶಕ್ಕೆಲ್ಲ ಬಂದದ್ದು 2017ರಲ್ಲಿ. ಆದ್ದರಿಂದ ಒಂದೇ ವರ್ಷದ, ಒಂದೇ ಹೆಸರಿನ ಎರಡು ಕಾರುಗಳಲ್ಲಿ ಒಂದು ಬಿಎಸ್ 3, ಇನ್ನೊಂದು ಬಿಎಸ್ 4 ಆಗಿರಬಹುದು. ಒಂದು ಮಾತು ಮಾತ್ರ ಮರೆಯಬೇಡಿ. ಹೊಗೆ ತಪಾಸಣೆಗೆ ಬ್ರೇಕು ಕಾಣುವುದಿಲ್ಲ. ಹೊಗೆ ಶುದ್ಧವಾಗಿದ್ದ ಕಾರಿಗೆ ಬ್ರೇಕೇ ಇಲ್ಲದಿರಬಹುದು.

ಹದಿನೈದು ವರ್ಷ ದಾಟಿದ ಕಾರಾದರೆ ಒಂದು ನಿಜವಾದ ತಪಾಸಣೆ ಆಗಿರಬೇಕು. 25ನೇ ನಮೂನೆಯಲ್ಲಿ ಅರ್ಜಿ ಹಾಕಿ, ಕಾರನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಲ್ಲಿಸಿ, ಪಾಸಾದರೆ ಇನ್ನೈದು ವರ್ಷಕ್ಕೆ ನವೀಕರಣ ಸಿಗುತ್ತದೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಇದರ ಶುಲ್ಕ ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000 ಎಂದು ಗೊತ್ತುಪಡಿಸಿದರು. ಜೊತೆಗೆ ಹಸಿರು ತೆರಿಗೆ. ಹಾಗಾಗಿ ಹದಿಮೂರೂವರೆ, ಹದಿನಾಲ್ಕು ವರ್ಷದ ಕಾರುಗಳು ಮಾರುಕಟ್ಟೆಗೆ ಬಹಳ ಬರುತ್ತವೆ. ಪರೀಕ್ಷೆ ಹತ್ತಿರ ಬಂದಾಗ ಶಾಲೆ ಬದಲಿಸುವ ಹುಡುಗರ ಹಾಗೆ ಎಂದು ನಾನು ತಮಾಷೆ ಮಾಡುವುದುಂಟು. ಅಂಥ ಕಾರು ಕೊಂಡರೆ ಆ ಪರೀಕ್ಷೆಗೆ ಕೂರುವವರು ನೀವು. ನವೀಕರಣದ ಖರ್ಚು, ಅದಕ್ಕಾಗಿ ಮಾಡಿಸಬೇಕಾದ ಟಿಂಕರಿಂಗ್, ಟೈರು, ಬ್ರೇಕಿನ ಖರ್ಚು ಎಲ್ಲವನ್ನೂ ಬೆಲೆಯಲ್ಲಿ ಕಳೆದು ಮಾತಾಡಬೇಕು.

ಬೇರೆ ರಾಜ್ಯದಿಂದ ಬಂದ ಕಾರುಗಳದು ಇನ್ನೊಂದು ಕತೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನೂ, ಪೆಟ್ರೋಲ್ ವಾಹನಗಳಿಗೆ ಹದಿನೈದು ವರ್ಷವೆಂಬುದನ್ನೂ ಎತ್ತಿಹಿಡಿಯಿತು. ಆಮೇಲೆ ಆ ನಿಯಮದಲ್ಲಿ ಸಡಿಲಿಕೆಗಳೂ ಆಗಿವೆ. ಈ ನಡುವೆ ಅಲ್ಲಿನ ಅನೇಕ ಕಾರುಗಳು ಅಗ್ಗಕ್ಕೆ ಬೇರೆ ರಾಜ್ಯಗಳಿಗೆ ಹೋದವು. ಕಾರು ಒಳ್ಳೆಯದೇ ಇರಬಹುದು. ಆದರೆ ಮೂಲ ಕಚೇರಿಯ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ಇರಬೇಕು, ಇಲ್ಲಿ ಮತ್ತೆ ನೋಂದಣಿ ಮಾಡಿಸಬೇಕು, ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಬೇಕು. ಇಷ್ಟನ್ನು ಕೂಡಿಸಿದಾಗ ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ.

ಸರಕಾರದ ಕಾಗದಗಳಿಗಿಂತ ನನಗೆ ಹೆಚ್ಚು ಇಷ್ಟವಾದದ್ದು ಸರ್ವಿಸ್ ಬಿಲ್ಲುಗಳು. ಎಣ್ಣೆ ಹತ್ತಿದ, ಮುದುಡಿದ ಈ ಚೀಟಿಗಳ ಮೇಲೆ ದಿನಾಂಕದ ಪಕ್ಕದಲ್ಲಿ ಅಂದಿನ ಕಿಲೋಮೀಟರ್ ಬರೆದಿರುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸುವುದು ನಮ್ಮಲ್ಲಿ ಹಳೆಯ ಕಸುಬು. ಅಂಕಿಯ ಚಕ್ರಗಳಿದ್ದಾಗ ಕೈಯಿಂದ ತಿರುಗಿಸುತ್ತಿದ್ದರು, ಈಗ ಕಂಪ್ಯೂಟರ್ ಜೋಡಿಸಿ ತಿರುಗಿಸುತ್ತಾರೆ. ಆದರೆ ಎಲ್ಲೋ ಒಂದು ವರ್ಕ್‌ಶಾಪಿನ ಹಳೆಯ ಬಿಲ್ಲನ್ನು ತಿರುಗಿಸುವುದು ಅಷ್ಟು ಸುಲಭವಲ್ಲ. ಒಂದು ಹಾಳೆಯಲ್ಲಿ ದಿನಾಂಕ ಒಂದು ಕಡೆ, ಕಿಲೋಮೀಟರ್ ಇನ್ನೊಂದು ಕಡೆ ಬರೆದು ಗ್ರಾಫ್ ಹಾಕಿ. ಗೆರೆ ಮೇಲಕ್ಕೇ ಹೋಗಬೇಕು. ಕೆಳಗಿಳಿದರೆ ಮುಂದೆ ಕೇಳುವುದಕ್ಕೆ ಏನೂ ಉಳಿದಿಲ್ಲ. ಬಿಲ್ಲುಗಳು ಇಲ್ಲದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾಲೀಕರ ಮೂಲಕ ಕೇಳಿಸಿ, ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಕಾರಿನ ಮೈಯೂ ಸಾಕ್ಷಿ ಹೇಳುತ್ತದೆ. ಮೀಟರ್ 30,000 ತೋರಿಸಿ ಕ್ಲಚ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಯಾವುದನ್ನು ನಂಬುತ್ತೀರಿ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ ತಯಾರಾದದ್ದು. ನಾಳೆ ನಿಮ್ಮ ಮನೆಯ ಸ್ಕೂಟರಿನ ಟೈರನ್ನೇ ನೋಡಿ ಓದಿ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲು ಇರುತ್ತದೆ. ಪರಿಹಾರ ಕೇಳದ ಪ್ರತಿ ವರ್ಷಕ್ಕೂ ಅದು ಏರುತ್ತ, ಶೇಕಡಾ 20ರಿಂದ ಹೊರಟು ಐದು ವರ್ಷಕ್ಕೆ 50 ಮುಟ್ಟುತ್ತದೆ. "ಒಂದು ಗೀರೂ ಬಿದ್ದಿಲ್ಲ" ಎನ್ನುವ ಕಾರಿನ ಪಾಲಿಸಿಯಲ್ಲಿ ಈ ಜಾಗ ಸೊನ್ನೆ ಇದ್ದರೆ, ಹಿಂದಿನ ವರ್ಷ ಏನಾಯಿತು ಎಂದು ಕೇಳುವ ಹಕ್ಕು ನಿಮಗಿದೆ. ಪಾಲಿಸಿ ಮಧ್ಯೆ ಬಿಟ್ಟುಹೋಗಿರಬಹುದು, ಮಾಲೀಕರು ಈಚೆಗೆ ಬದಲಾಗಿರಬಹುದು, ಅಪಘಾತವೂ ಆಗಿರಬಹುದು. ನೆರೆಯೂ ಆಗಿರಬಹುದು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಎಷ್ಟೊಂದು ಕಾರುಗಳು ನೀರಿನಲ್ಲಿ ಮುಳುಗಿದ್ದವು ಎಂಬುದನ್ನು ನೀವು ದೂರದರ್ಶನದಲ್ಲೇ ನೋಡಿದ್ದೀರಿ. ಮುಳುಗಿದ ಕಾರನ್ನು ತೊಳೆದು ಪಾಲಿಶ್ ಮಾಡಿದರೆ ಹೊರಗಿನಿಂದ ತಿಳಿಯುವುದಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಮಣ್ಣು, ತುಕ್ಕು ಇದೆಯೇ ನೋಡಿ. ಒಳಗೆ ಸುಗಂಧ ತುಸು ಜಾಸ್ತಿಯೇ ಹೊಡೆದಿದ್ದರೆ ಅನುಮಾನಪಡಿ.

ಇಷ್ಟನ್ನೂ ಮಾಡಿದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಬ್ಯಾಡಗಿ ಕಡೆಯ ಹಳ್ಳಿಯವಳು, 2024ರಲ್ಲಿ ನನ್ನ ವಿದ್ಯಾರ್ಥಿನಿ. ತಾಯಿಗೆ ಮೂತ್ರಪಿಂಡದ ತೊಂದರೆ, ವಾರಕ್ಕೆರಡು ಸಲ ಹಾವೇರಿಗೆ ಡಯಾಲಿಸಿಸ್‌ಗೆ ಹೋಗಬೇಕು. ಬಾಡಿಗೆ ಗಾಡಿಗೆ ಕೊಟ್ಟು ಕೊಟ್ಟು ಸಾಕಾಗಿ, ಮೆಣಸಿನಕಾಯಿ ಮಾರಿದ ಹಣದಲ್ಲಿ ತಂದೆ ಒಂದು ಕಾರು ನೋಡಿದ್ದರು. ಐದು ಸಾವಿರ ಮುಂಗಡವನ್ನೂ ಕೊಟ್ಟಿದ್ದರು. "2011ರ ಮಾಡೆಲ್, 58,000 ಓಡಿದೆ" ಎಂದು ಮಾರುವವರ ಮಾತು. ಇವಳು ನೋಡಿದಾಗ ತಯಾರಾದದ್ದು 2010ರ ನವೆಂಬರ್. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಕಾಗದಗಳ ಅಡಿಯಲ್ಲಿ ಎರಡು ಹಳೆಯ ಬಿಲ್ಲುಗಳಿದ್ದವು. 2014ರದರಲ್ಲಿ 41,260 ಕಿಲೋಮೀಟರ್, 2017ರದರಲ್ಲಿ 79,800. ಮಾರನೆಯ ದಿನ ನನ್ನ ಕೋಣೆಗೆ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿ, "ಸರ್, ಇದು ಬ್ಯಾಡ ಅಂತ ಅಪ್ಪಗ ಹ್ಯಾಂಗ ಹೇಳಲಿ? ಮುಂಗಡ ಕೊಟ್ಟಾರ" ಎಂದಳು. ಆ ಎರಡು ಬಿಲ್ಲುಗಳನ್ನೇ ತೋರಿಸು ಎಂದೆ. ತಂದೆ ಸಿಟ್ಟಾದರಂತೆ, ಒಂದು ದಿನ ಮಾತಾಡಲಿಲ್ಲವಂತೆ. ಮುಂಗಡ ವಾಪಸು ಬರಲಿಲ್ಲ. ಐದು ಸಾವಿರ ಹೋಯಿತು.

ತಿಂಗಳ ಮೇಲೆ ಹಾವೇರಿಯಲ್ಲಿ ನಿವೃತ್ತ ಅಂಚೆ ನೌಕರರೊಬ್ಬರ ಕಾರು ಸಿಕ್ಕಿತು. ಮೀಟರ್ 1,12,000 ತೋರಿಸುತ್ತಿತ್ತು, ಮೊದಲಿನದರ ಎರಡರಷ್ಟು. ಆದರೆ ಮೊದಲ ಸರ್ವಿಸಿನಿಂದ ಹಿಡಿದು ಎಲ್ಲ ಬಿಲ್ಲುಗಳು ಒಂದು ದಾರಕ್ಕೆ ಪೋಣಿಸಿ ಇಟ್ಟಿದ್ದರು. ಅದನ್ನೇ ಕೊಂಡರು.

ಕೊಳ್ಳುವ ದಿನದ ಬಗ್ಗೆ ಇಷ್ಟು ತಿಳಿದಿರಲಿ. ಮಾರಾಟದ ವಿಷಯವನ್ನು ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ, ಹೊರ ರಾಜ್ಯಕ್ಕಾದರೆ 45 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ನಮೂನೆಗಳು 29 ಮತ್ತು 30. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಕೇಳಿ ಬರೆಯಬೇಕು. ಹಳೆಯ ಮಾಲೀಕರ ಬೋನಸ್ ಅವರ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಅವರಿಗೆ ಆರ್‌ಟಿಓ ಅಧಿಕಾರಪತ್ರ ಇರಬೇಕೆಂಬ ನಿಯಮ ಇದೆ, ಅದನ್ನು ಕೇಳಿ. ನಿಮ್ಮ ಮನೆಯ ಹಳೆಯ ಗಾಡಿಯನ್ನು ಮಾರುವಾಗಲೂ ಇದೇ ಎಚ್ಚರ ಬೇಕು. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯಲ್ಲಿ ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು, ಆದರೆ ದಾಖಲೆಯಲ್ಲಿ ಮೊದಲನೆಯವರ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದವರದೇ ಎಂದು ನ್ಯಾಯಾಲಯ ಹೇಳಿತು. ಆದ್ದರಿಂದಲೇ ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆಗೆ ಗಂಟೆ ನಿಮಿಷವನ್ನೂ ಬರೆಸಿ, ಇಬ್ಬರೂ ರುಜು ಮಾಡಿ, ಜೆರಾಕ್ಸ್ ಇಟ್ಟುಕೊಳ್ಳುವುದು.

ಕಳೆದ ಸಲ ಆ ಹುಡುಗಿ ಸಿಕ್ಕಾಗ ಕಾರು ಹೇಗಿದೆಯೆಂದು ಕೇಳಿದೆ. ಕ್ಲಚ್ ಪ್ಲೇಟ್ ಹಾಕಿಸಿದ್ದಾರಂತೆ, ಅಷ್ಟು ಬಿಟ್ಟರೆ ಚೆನ್ನಾಗಿದೆಯಂತೆ. ಅಂಚೆ ನೌಕರರ ದಾರಕ್ಕೇ ಆ ಬಿಲ್ಲನ್ನೂ ಪೋಣಿಸಿದ್ದೇನೆ ಎಂದಳು.